ಸಹಿ ಯಾರ ಕೈಯಲ್ಲಿದೆ? ದಾಖಲೆ ಕಳೆದುಕೊಂಡ ವಲಸಿಗರಿಗೆ ಉಳಿದಿರುವ ಕಾನೂನಿನ ದಾರಿಗಳು

ಪರದೇಶದ ಮನೆಯೊಂದರಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳು ಒಂದು ರಾತ್ರಿ ಆ ಮನೆಯ ಹಿಂಬಾಗಿಲಿನಿಂದ ಹೊರಬೀಳುತ್ತಾಳೆ ಎಂದಿಟ್ಟುಕೊಳ್ಳೋಣ. ಆಕೆ ವೀಸಾ ಪಡೆದೇ ಬಂದವಳು, ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತಿಸಿಕೊಂಡೇ ಒಳಗೆ ಕಾಲಿಟ್ಟವಳು. ಈಗ ಆಕೆಯ ಪಾಸ್‌ಪೋರ್ಟ್ ಮಾಲೀಕರ ಕಪಾಟಿನಲ್ಲಿದೆ, ಎಂಟು ತಿಂಗಳ ಸಂಬಳ ಬಾಕಿ ಇದೆ, ಕೈಯಲ್ಲಿರುವುದು ಒಂದು ಫೋನು ಮತ್ತು ಅದರೊಳಗಿನ ಕೆಲವು ಫೋಟೋಗಳು ಮಾತ್ರ. ಆಕೆಯ ವೀಸಾ ಅದೇ ಮಾಲೀಕರ ಹೆಸರಿಗೆ ಕಟ್ಟಿಬಿದ್ದದ್ದಾಗಿದ್ದರೆ, ಹೊಸ್ತಿಲು ದಾಟಿದ ಕೆಲವೇ ದಿನಗಳಲ್ಲಿ ಆಕೆ ಆ ದೇಶದ ಲೆಕ್ಕದಲ್ಲಿ ಅಕ್ರಮ ವಾಸಿಯಾಗುತ್ತಾಳೆ. ಆಕೆ ಯಾವ ಗಡಿಯನ್ನೂ ಕದ್ದು ದಾಟಿಲ್ಲ, ದಾಟಿದ್ದು ಒಂದು ಮನೆಯ ಹೊಸ್ತಿಲನ್ನು ಮಾತ್ರ.

‘ದಾಖಲೆಯಿಲ್ಲದ ವಲಸಿಗ’ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಸಾಮಾನ್ಯವಾಗಿ ರಾತ್ರಿಯ ದೋಣಿ, ಮುಳ್ಳುತಂತಿಯ ಬೇಲಿ. ಆದರೆ ಇಂಥವರಲ್ಲಿ ಬಹಳಷ್ಟು ಮಂದಿ ಒಂದು ಕಾಲಕ್ಕೆ ಸರಿಯಾದ ಕಾಗದಪತ್ರ ಇಟ್ಟುಕೊಂಡಿದ್ದು, ಕೆಲಸ ಹೋಗಿಯೋ, ಗಂಡನಿಂದ ಬೇರಾಗಿಯೋ, ಕೋರ್ಸ್ ಮುಗಿದೋ, ಆಶ್ರಯದ ಅರ್ಜಿ ತಿರಸ್ಕೃತವಾಗಿಯೋ ಅದನ್ನು ಕಳೆದುಕೊಂಡವರು. ವಿಶ್ವಸಂಸ್ಥೆಯ ಅಂದಾಜಿನಂತೆ 2024ರ ಮಧ್ಯದಲ್ಲಿ ತಾವು ಹುಟ್ಟಿದ ದೇಶದ ಹೊರಗೆ ಬದುಕುತ್ತಿದ್ದವರು ಸುಮಾರು 30.4 ಕೋಟಿ. ಅದೇ ವರ್ಷದ ಕೊನೆಗೆ ಯುದ್ಧ, ಕಿರುಕುಳ, ಹಿಂಸೆಗಳಿಂದ ಬಲವಂತವಾಗಿ ನೆಲೆ ಬಿಟ್ಟಿದ್ದವರು, ಸ್ವದೇಶದೊಳಗೇ ಅಲೆಯುತ್ತಿರುವವರೂ ಸೇರಿ, 12.32 ಕೋಟಿ. ಈ ಎರಡು ಸಂಖ್ಯೆಗಳ ನಡುವೆ, ಪೂರ್ಣ ಅರ್ಥದಲ್ಲಿ ನಿರಾಶ್ರಿತರೂ ಅಲ್ಲದ, ಇಷ್ಟಪಟ್ಟು ಬಂದ ಉದ್ಯೋಗಿಗಳೂ ಅಲ್ಲದ ದೊಡ್ಡ ಜನಸಮೂಹವಿದೆ. ಅವರಿಗಾಗಿ ಕಾನೂನು ಏನನ್ನು ಇಟ್ಟಿದೆ ಎಂಬುದು ಈ ಲೇಖನದ ವಿಷಯ.

ದಾರಿಗಳೇ ಇಲ್ಲವೆಂದಲ್ಲ, ಹತ್ತಾರು ಇವೆ. ಆದರೆ ಒಂದೊಂದು ದಾರಿಯನ್ನು ನೋಡುವಾಗಲೂ ಅರ್ಹತೆಯ ಷರತ್ತುಗಳ ಜೊತೆಗೆ ಇನ್ನೊಂದನ್ನು ಕೇಳಬೇಕು ಎಂಬುದು ನನ್ನ ವಾದ: ಈ ದಾರಿ ತೆರೆಯಲು ಯಾರ ಸಹಿ ಬೇಕು? ಅರ್ಜಿದಾರರು ಯಾರಿಂದ ತಪ್ಪಿಸಿಕೊಂಡು ಬಂದರೋ ಅವರ ಸಹಿಯೇ ಬೇಕೆಂದಾದರೆ, ಅಥವಾ ಅವರು ಕಂಡರೆ ನಡುಗುವ ಇಲಾಖೆಯ ಸಹಿ ಬೇಕೆಂದಾದರೆ, ಆ ದಾರಿ ಕಾನೂನಿನ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಮೊದಲು ಎಲ್ಲಕ್ಕೂ ಅಡಿಪಾಯವಾದ ನಿಯಮ. 1951ರ ನಿರಾಶ್ರಿತರ ಒಡಂಬಡಿಕೆಯು ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಲ್ಲೊಂದರಿಂದ ಕಿರುಕುಳಕ್ಕೆ ಒಳಗಾಗುವ ಸಕಾರಣ ಭಯ ಇರುವವರನ್ನು ನಿರಾಶ್ರಿತರೆಂದು ಕರೆಯುತ್ತದೆ. ಆರಂಭದಲ್ಲಿ ಅದು 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು, 1967ರ ಪೂರಕ ಒಪ್ಪಂದ ಆ ಕಾಲಮಿತಿಯನ್ನು ತೆಗೆದುಹಾಕಿತು. 1951ರ ಒಡಂಬಡಿಕೆಯ 33ನೇ ವಿಧಿಯ ಪ್ರಕಾರ, ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ನಿರಾಶ್ರಿತರನ್ನು ಮರಳಿ ಅಟ್ಟುವಂತಿಲ್ಲ. 31ನೇ ವಿಧಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಅಪಾಯದ ಜಾಗದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ, ಸರಿಯಾದ ಕಾರಣ ಕೊಟ್ಟವರನ್ನು ಅಕ್ರಮವಾಗಿ ಒಳಬಂದರು ಎಂಬ ಒಂದೇ ಕಾರಣಕ್ಕೆ ಶಿಕ್ಷಿಸಬಾರದು ಎಂದು ಅದು ಹೇಳುತ್ತದೆ. ಅಂದರೆ ಪ್ರಾಣ ಉಳಿಸಿಕೊಳ್ಳಲು ಓಡುವವರು ವೀಸಾಕ್ಕಾಗಿ ಸಾಲಿನಲ್ಲಿ ನಿಲ್ಲಲಾರರು ಎಂಬ ತಿಳಿವಳಿಕೆ 1951ರಲ್ಲೇ ಕಾನೂನಿನೊಳಗೆ ಸೇರಿತ್ತು.

ಆಶ್ರಯದ ದಾರಿಯಲ್ಲಿ ಬೇರೆಯವರ ಸಹಿ ಬೇಕಿಲ್ಲ, ಬೇಕಾದದ್ದು ಅರ್ಜಿದಾರರ ಸ್ವಂತ ಮಾತು. ಕಷ್ಟವಿರುವುದೂ ಅಲ್ಲೇ. ಸಂದರ್ಶನದ ಕೋಣೆಯಲ್ಲಿ ಒಂದು ಮೇಜು, ಆಚೆ ಕಡೆ ಅಧಿಕಾರಿ, ಪಕ್ಕದಲ್ಲಿ ದುಭಾಷಿ. ನಿಮ್ಮನ್ನು ಹಿಡಿದದ್ದು ಯಾವ ತಾರೀಕು, ಆ ಕೋಣೆಗೆ ಕಿಟಕಿ ಇತ್ತೆ, ಒಟ್ಟು ಎಷ್ಟು ಜನ ಬಂದಿದ್ದರು ಎಂದು ಪ್ರಶ್ನೆಗಳು ಬರುತ್ತವೆ. ಹಬ್ಬದ ಲೆಕ್ಕದಲ್ಲೋ ಬಿತ್ತನೆಯ ಲೆಕ್ಕದಲ್ಲೋ ವರ್ಷವನ್ನು ಎಣಿಸಿದವರು ‘ಮಳೆ ನಿಂತ ಮೇಲೆ’ ಎನ್ನುತ್ತಾರೆ. ದುಭಾಷಿ ಅದಕ್ಕೊಂದು ತಿಂಗಳ ಹೆಸರು ಹಚ್ಚುತ್ತಾನೆ. ಆರು ತಿಂಗಳ ನಂತರದ ಎರಡನೇ ಸಂದರ್ಶನದಲ್ಲಿ ಇನ್ನೊಬ್ಬ ದುಭಾಷಿ ಅದೇ ಮಾತಿಗೆ ಮುಂದಿನ ತಿಂಗಳ ಹೆಸರು ಹಚ್ಚಿದರೆ ಕಡತದಲ್ಲಿ ‘ಹೇಳಿಕೆಗಳಲ್ಲಿ ವಿರೋಧಾಭಾಸ’ ಎಂದು ದಾಖಲಾಗುತ್ತದೆ. ಹಿಂಸೆ ಅನುಭವಿಸಿದವರ ನೆನಪು ಕ್ರಮವಾಗಿ ಜೋಡಿಸಿಟ್ಟ ಕಡತದಂತೆ ಇರುವುದಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1979ರಲ್ಲಿ ಹೊರತಂದ ಕೈಪಿಡಿಯು, ಒಟ್ಟಾರೆ ನಂಬಲರ್ಹವಾದ ಹೇಳಿಕೆ ಕೊಟ್ಟು, ಸಾಧ್ಯವಿದ್ದ ಪುರಾವೆಗಳನ್ನೆಲ್ಲ ಒದಗಿಸಿದವರಿಗೆ ಸಂಶಯದ ಲಾಭ ಸಲ್ಲಬೇಕು ಎಂದದ್ದು ಇದೇ ಕಾರಣಕ್ಕೆ. ಗಡುವುಗಳೂ ಇವೆ. ಅಮೆರಿಕದಲ್ಲಿ 1996ರ ಕಾನೂನಿನಿಂದೀಚೆಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ದೇಶದೊಳಗೆ ಬಂದ ಒಂದು ವರ್ಷದೊಳಗೆ ಆಶ್ರಯದ ಅರ್ಜಿ ಸಲ್ಲಿಸಬೇಕು. ಆ ಒಂದು ವರ್ಷವನ್ನು ಜನ ಕಳೆದುಕೊಳ್ಳುವುದು ಬಹುತೇಕ ಹೆದರಿಕೆಯಿಂದ, ಇಲ್ಲವೇ ‘ಈಗಲೇ ಅರ್ಜಿ ಹಾಕಿದರೆ ಸಿಕ್ಕಿಬೀಳುತ್ತೀಯ’ ಎಂದು ಯಾರೋ ಏಜೆಂಟ್ ಹೇಳಿದ ಮಾತು ನಂಬಿ.

ಐದು ಕಾರಣಗಳ ಚೌಕಟ್ಟಿಗೆ ಹೊಂದದವರೇ ಹೆಚ್ಚು. ಬಾಂಬು ಬೀಳುವುದು ಯಾರ ಅಭಿಪ್ರಾಯವನ್ನೂ ಕೇಳಿಯಲ್ಲ. ಇದನ್ನು ಮೊದಲು ಒಪ್ಪಿಕೊಂಡದ್ದು ಶ್ರೀಮಂತ ದೇಶಗಳಲ್ಲ. 1969ರಲ್ಲಿ ಆಫ್ರಿಕಾದ ದೇಶಗಳು ತಮ್ಮ ಒಡಂಬಡಿಕೆಯಲ್ಲಿ ಹೊರಗಿನ ಆಕ್ರಮಣ, ಪರರ ಆಳ್ವಿಕೆ, ಸಾರ್ವಜನಿಕ ವ್ಯವಸ್ಥೆಯನ್ನು ತೀವ್ರವಾಗಿ ಕದಡುವ ಘಟನೆಗಳಿಂದ ಓಡಿಬಂದವರನ್ನೂ ನಿರಾಶ್ರಿತರೆಂದು ಗುರುತಿಸಿದವು. 1984ರಲ್ಲಿ ಲ್ಯಾಟಿನ್ ಅಮೆರಿಕದ ಕಾರ್ತಹೇನ ಘೋಷಣೆ ವ್ಯಾಪಕ ಹಿಂಸಾಚಾರ ಮತ್ತು ಮಾನವ ಹಕ್ಕುಗಳ ಬೃಹತ್ ಉಲ್ಲಂಘನೆಯನ್ನು ಅದಕ್ಕೆ ಸೇರಿಸಿತು. ಐರೋಪ್ಯ ಒಕ್ಕೂಟ ‘ಪೂರಕ ರಕ್ಷಣೆ’ ಎಂಬ ಪ್ರತ್ಯೇಕ ದರ್ಜೆಯನ್ನು ತಂದದ್ದು 2004ರಲ್ಲಿ. ಮರಣದಂಡನೆ, ಚಿತ್ರಹಿಂಸೆ, ಸಶಸ್ತ್ರ ಸಂಘರ್ಷದಲ್ಲಿ ಕಂಡಕಂಡವರ ಮೇಲೆರಗುವ ಹಿಂಸೆ ಇವುಗಳ ಅಪಾಯವಿದ್ದವರಿಗೆ ಅದು ಸಿಗುತ್ತದೆ. 2011ರಲ್ಲಿ ಪರಿಷ್ಕೃತವಾದ ಅದೇ ನಿರ್ದೇಶನದಡಿ ನಿರಾಶ್ರಿತರಿಗೆ ಕನಿಷ್ಠ ಮೂರು ವರ್ಷದ ವಾಸದ ಪರವಾನಗಿ ಕೊಡಬೇಕಿದ್ದರೆ, ಪೂರಕ ರಕ್ಷಣೆ ಪಡೆದವರಿಗೆ ಕನಿಷ್ಠ ಒಂದು ವರ್ಷದ್ದು ಸಾಕು. ಈ ಎರಡನೇ ದರ್ಜೆಯ ಅರ್ಥ ಮನೆಯವರ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಪೂರಕ ರಕ್ಷಣೆಯಲ್ಲಿರುವವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದನ್ನು ಜರ್ಮನಿ 2016ರಿಂದ 2018ರವರೆಗೆ ನಿಲ್ಲಿಸಿತ್ತು, 2025ರ ಜುಲೈಯಲ್ಲಿ ಮತ್ತೆ ಎರಡು ವರ್ಷಗಳಿಗೆ ನಿಲ್ಲಿಸಿತು. ನಾಲ್ಕು ವರ್ಷದ ಮಗುವನ್ನು ಬಿಟ್ಟು ಬಂದ ತಂದೆಗೆ ಎರಡು ವರ್ಷವೆಂದರೆ ಮಗುವಿನ ಅರ್ಧ ಆಯುಷ್ಯ.

ಕಾಯಿಲೆಯ ದಾರಿ ಎಲ್ಲಕ್ಕಿಂತ ಕಿರಿದು. ಲ್ಯುಕೇಮಿಯಾದಿಂದ ನರಳುತ್ತಿದ್ದ ಜಾರ್ಜಿಯಾದ ಪ್ರಜೆಯೊಬ್ಬರನ್ನು ಗಡೀಪಾರು ಮಾಡಬಹುದೇ ಎಂಬ ಪ್ರಕರಣದಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2016ರ ಡಿಸೆಂಬರ್‌ನಲ್ಲಿ ಬೆಲ್ಜಿಯಂ ವಿರುದ್ಧ ತೀರ್ಪಿತ್ತಿತು. ಚಿಕಿತ್ಸೆ ಸಿಗದೆ ಆರೋಗ್ಯ ಗಂಭೀರವಾಗಿ, ವೇಗವಾಗಿ, ಸರಿಪಡಿಸಲಾಗದಂತೆ ಕುಸಿದು ತೀವ್ರ ಯಾತನೆಗೋ ಆಯಸ್ಸು ಗಣನೀಯವಾಗಿ ಮೊಟಕಾಗುವುದಕ್ಕೋ ಗುರಿಯಾಗುವ ನಿಜವಾದ ಅಪಾಯವಿದ್ದರೆ, ಅಂಥವರನ್ನು ಕಳುಹಿಸುವುದು ಅಮಾನವೀಯ ವರ್ತನೆಯಾಗುತ್ತದೆ ಎಂದಿತು. ಅದಕ್ಕೂ ಮುಂಚೆ ಹೆಚ್ಚುಕಡಿಮೆ ಸಾವಿನ ಹಾಸಿಗೆಯಲ್ಲಿರುವವರಿಗೆ ಮಾತ್ರ ಈ ರಕ್ಷಣೆ ಸಿಗುತ್ತಿತ್ತು. ಔಷಧಿ ಆ ದೇಶದಲ್ಲಿ ಇದೆಯೆಂದರೆ ಸಾಲದು, ಅದು ಈ ರೋಗಿಗೆ ಎಟುಕುತ್ತದೆಯೇ ಎಂದೂ ನೋಡಬೇಕು ಎಂಬುದು ಆ ತೀರ್ಪಿನ ಮುಖ್ಯ ಮಾತು. ಅರ್ಜಿದಾರರು ತೀರ್ಪು ಬರುವ ಆರು ತಿಂಗಳ ಮುಂಚೆಯೇ ತೀರಿಕೊಂಡಿದ್ದರು. ಹವಾಮಾನದ ಕಾರಣಕ್ಕೆ ನೆಲೆ ಕಳೆದುಕೊಳ್ಳುವವರ ವಿಷಯದಲ್ಲಿ ಕಾನೂನು ಇನ್ನೂ ಮೊದಲ ಹೆಜ್ಜೆಯಲ್ಲಿದೆ. ಕಿರಿಬಾಸ್ ದ್ವೀಪದವರೊಬ್ಬರ ದೂರನ್ನು 2020ರಲ್ಲಿ ಪ್ರಕಟಿಸಿದ ನಿರ್ಣಯದಲ್ಲಿ ತಳ್ಳಿಹಾಕಿದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಮುಂದೊಂದು ದಿನ ಇಂಥ ಕಾರಣವೂ ಗಡೀಪಾರನ್ನು ತಡೆಯಬಹುದು ಎಂಬ ಮಾತನ್ನಷ್ಟೇ ಸೇರಿಸಿತು.

ಸಾವಿರಾರು ಜನ ಒಟ್ಟಿಗೆ ಬಂದಾಗ ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸುವುದು ಆಗದ ಕೆಲಸ. ಅದಕ್ಕಾಗಿ ಇರುವುದು ತಾತ್ಕಾಲಿಕ ರಕ್ಷಣೆ. ಯುಗೊಸ್ಲಾವಿಯಾದ ಯುದ್ಧಗಳ ಅನುಭವದ ಮೇಲೆ ಐರೋಪ್ಯ ಒಕ್ಕೂಟ 2001ರಲ್ಲೇ ಇದಕ್ಕೊಂದು ನಿರ್ದೇಶನ ಮಾಡಿಕೊಂಡಿತ್ತು. ಅದನ್ನು ಮೊದಲ ಬಾರಿಗೆ ಬಳಸಿದ್ದು 2022ರ ಮಾರ್ಚ್ 4ರಂದು, ಉಕ್ರೇನಿನವರಿಗಾಗಿ. ನಡುವಿನ ಇಪ್ಪತ್ತೊಂದು ವರ್ಷಗಳಲ್ಲಿ ಇರಾಕ್, ಅಫ್ಘಾನಿಸ್ತಾನ, ಸಿರಿಯಾಗಳಿಂದ ಜನ ಬಂದಾಗ ಆ ಕಾಗದ ಕಪಾಟಿನಿಂದ ಹೊರಬರಲಿಲ್ಲ. ಉಕ್ರೇನಿನ ನಲವತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ವಾಸ, ಕೆಲಸ, ಶಾಲೆ, ಚಿಕಿತ್ಸೆಗಳ ಹಕ್ಕನ್ನು ಸಂದರ್ಶನವಿಲ್ಲದೆಯೇ ಕೊಡಲಾಯಿತು. ಅದು ಸರಿಯಾದ ಕೆಲಸ. ಆಡಳಿತಕ್ಕೆ ಇದು ಸಾಧ್ಯ ಎಂಬುದೂ ಅದರಿಂದ ರುಜುವಾತಾಯಿತು, ಹಾಗಾಗಿ ಇನ್ನು ಮುಂದೆ ಬೇರೆಯವರಿಗೆ ‘ವ್ಯವಸ್ಥೆ ತಡೆಯಲಾರದು’ ಎಂದು ಹೇಳುವುದು ಕಷ್ಟ. ಈ ರಕ್ಷಣೆಯನ್ನು 2027ರ ಮಾರ್ಚ್‌ವರೆಗೆ ವಿಸ್ತರಿಸಲಾಗಿದೆ, ಆಮೇಲೆ ಏನು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಇದೆ.

ತಾತ್ಕಾಲಿಕ ಎಂಬ ಪದಕ್ಕೆ ಎಷ್ಟು ಉದ್ದವಿರಬಹುದು ಎಂಬುದಕ್ಕೆ ಅಮೆರಿಕದ ಟಿಪಿಎಸ್, ಅಂದರೆ ‘ತಾತ್ಕಾಲಿಕ ರಕ್ಷಿತ ಸ್ಥಾನಮಾನ’, ಉದಾಹರಣೆ. 1990ರ ಕಾನೂನಿನಡಿ ಯುದ್ಧಪೀಡಿತ ಅಥವಾ ವಿಪತ್ತಿಗೀಡಾದ ದೇಶಗಳ ಪ್ರಜೆಗಳಿಗೆ ಆರರಿಂದ ಹದಿನೆಂಟು ತಿಂಗಳ ಕಂತುಗಳಲ್ಲಿ ಸಿಗುವ ಈ ರಕ್ಷಣೆಯನ್ನು 2001ರ ಭೂಕಂಪಗಳ ನಂತರ ಪಡೆದ ಎಲ್ ಸಾಲ್ವಡಾರಿನವರು 2025ರಲ್ಲೂ ಅದನ್ನೇ ಹಿಡಿದುಕೊಂಡಿದ್ದರು. ಅವರ ಮಕ್ಕಳು ಅಲ್ಲೇ ಹುಟ್ಟಿ ಅಲ್ಲಿನ ಪ್ರಜೆಗಳಾಗಿ ಕಾಲೇಜು ಮುಗಿಸಿದ್ದರೂ ತಂದೆತಾಯಿಯ ವಾಸ ಮಾತ್ರ ಕಂತಿನ ಮೇಲೆ ಕಂತು. ಸಹಿ ಇಲ್ಲಿ ಸರ್ಕಾರದ ಒಬ್ಬ ಸಚಿವರ ಕೈಯಲ್ಲಿದೆ, ಕೊಟ್ಟ ಕೈಯೇ ಅದನ್ನು ಕಿತ್ತುಕೊಳ್ಳಬಹುದು. 2025ರ ಮೇ ತಿಂಗಳಲ್ಲಿ, ವ್ಯಾಜ್ಯ ಇನ್ನೂ ನಡೆಯುತ್ತಿರುವಾಗಲೇ, ವೆನೆಜುವೆಲಾದ ಲಕ್ಷಾಂತರ ಜನರ ಟಿಪಿಎಸ್ ಕೊನೆಗಾಣಿಸಲು ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ದಾರಿ ಮಾಡಿಕೊಟ್ಟಿತು. ಅದೇ ವೆನೆಜುವೆಲಾದವರಿಗೆ ಕೊಲಂಬಿಯಾ 2021ರಲ್ಲಿ ಕೊಟ್ಟದ್ದು ಹತ್ತು ವರ್ಷಗಳ ರಕ್ಷಣೆ. ಆ ವರ್ಷದ ಜನವರಿ 31ಕ್ಕೆ ಮೊದಲೇ ದೇಶದೊಳಗಿದ್ದೆವು ಎಂದು ತೋರಿಸಿದರೆ ದಾಖಲೆಯಿಲ್ಲದವರಿಗೂ ಅದು ಸಿಗುತ್ತಿತ್ತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು. ಕೊಲಂಬಿಯಾ ಸಿರಿವಂತ ದೇಶವೇನಲ್ಲ. ಹತ್ತು ವರ್ಷವೆಂದರೆ ಅಂಗಡಿ ಬಾಡಿಗೆಗೆ ಹಿಡಿಯಬಹುದು, ಮಗುವನ್ನು ಶಾಲೆಗೆ ಸೇರಿಸಿ ಮುಗಿಸಬಹುದು. ಹದಿನೆಂಟು ತಿಂಗಳಲ್ಲಿ ಅರ್ಜಿ ತುಂಬುವುದನ್ನು ಬಿಟ್ಟು ಬೇರೇನೂ ಸಾಗದು.

1951ರ ಒಡಂಬಡಿಕೆಗೆ ಸಹಿ ಹಾಕದ ದೇಶಗಳಲ್ಲಿ ಪರಿಸ್ಥಿತಿ ಬೇರೆ. ಥಾಯ್ಲೆಂಡ್ ತನ್ನದೇ ತಪಾಸಣಾ ಪದ್ಧತಿ ರೂಪಿಸಿ ‘ರಕ್ಷಿತ ವ್ಯಕ್ತಿ’ ಎಂಬ ದರ್ಜೆಯನ್ನು 2023ರಲ್ಲಿ ಜಾರಿಗೆ ತಂದಿದೆ. ಭಾರತದಲ್ಲಿ ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನಿಲ್ಲ. ಬದುಕುವ ಹಕ್ಕನ್ನು ಹೇಳುವ ಸಂವಿಧಾನದ 21ನೇ ವಿಧಿ ಪ್ರಜೆಗಳಲ್ಲದವರಿಗೂ ಅನ್ವಯಿಸುತ್ತದೆಂದು ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು, ಆದರೆ 2021ರಲ್ಲಿ ರೋಹಿಂಗ್ಯಾ ಪ್ರಕರಣದ ಮಧ್ಯಂತರ ಆದೇಶದಲ್ಲಿ, ಗಡೀಪಾರಾಗದಿರುವ ಹಕ್ಕು ಪ್ರಜೆಗಳಿಗೆ ಮಾತ್ರ ಇರುವ ವಾಸದ ಹಕ್ಕಿಗೆ ಅಂಟಿಕೊಂಡದ್ದು ಎಂದಿತು. ಕೊಲ್ಲಿ ದೇಶಗಳಲ್ಲಿ ಆಗಾಗ ಘೋಷಣೆಯಾಗುವ ಕ್ಷಮಾದಾನವೇ ಮುಖ್ಯ ದಾರಿ. ಸಂಯುಕ್ತ ಅರಬ್ ಸಂಸ್ಥಾನ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ, ವೀಸಾ ಮುಗಿದವರು ದಂಡವಿಲ್ಲದೆ ಊರಿಗೆ ಮರಳಲು ಅಥವಾ ಸಕ್ರಮಗೊಂಡು ಅಲ್ಲೇ ಉಳಿಯಲು ಅವಕಾಶ ಕೊಟ್ಟಿತ್ತು. ಕ್ಷಮಾದಾನ ಹಕ್ಕಲ್ಲ, ಮುಂದಿನದು ಯಾವಾಗ ಎಂದು ಯಾರೂ ಲೆಕ್ಕ ಹಾಕುವಂತಿಲ್ಲ.

ಈಗ ಮೊದಲಿನ ಹೆಂಗಸಿನ ಕಡೆಗೆ ಬರೋಣ. ಸಹಿಯ ಪ್ರಶ್ನೆ ಅತ್ಯಂತ ಹರಿತವಾಗಿ ಎದುರಾಗುವುದು ಶೋಷಣೆ, ಮಾನವ ಕಳ್ಳಸಾಗಣೆ, ಮನೆಯೊಳಗಿನ ಹಿಂಸೆಗಳಿಗೆ ತುತ್ತಾದವರಿಗೆ ಇರುವ ದಾರಿಗಳಲ್ಲಿ. 2012ರಲ್ಲಿ ಬ್ರಿಟನ್ ತನ್ನ ಮನೆಗೆಲಸದವರ ವೀಸಾವನ್ನು ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿತು. 2016ರಲ್ಲಿ ಮಾಲೀಕನನ್ನು ಬದಲಿಸುವ ಹಕ್ಕು ಮರಳಿತಾದರೂ ವೀಸಾದ ಅವಧಿ ಆರೇ ತಿಂಗಳು, ನವೀಕರಣವಿಲ್ಲ. ಎರಡು ತಿಂಗಳ ವೀಸಾ ಉಳಿದಿರುವವರನ್ನು ಯಾರು ತಾನೇ ಕೆಲಸಕ್ಕಿಟ್ಟುಕೊಳ್ಳುತ್ತಾರೆ? ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕರ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮವನ್ನು ತೆಗೆದುಹಾಕಿದ್ದು ದೊಡ್ಡ ಬದಲಾವಣೆಯೇ ಸರಿ, ಆದರೆ ಕೆಲಸಗಾರ ‘ಪರಾರಿಯಾಗಿದ್ದಾನೆ’ ಎಂದು ದೂರು ಕೊಡುವ ಅಧಿಕಾರ ಮಾಲೀಕರ ಬಳಿಯೇ ಉಳಿಯಿತು. ಕೆನಡಾ 2019ರಲ್ಲಿ ತಂದ ವ್ಯವಸ್ಥೆ ಇದಕ್ಕಿಂತ ನೇರವಾದದ್ದು. ಒಬ್ಬ ಮಾಲೀಕನಿಗೆ ಕಟ್ಟಿಬಿದ್ದ ಪರವಾನಗಿ ಇರುವ ಕೆಲಸಗಾರರು ದೌರ್ಜನ್ಯವನ್ನು ತೋರಿಸಿಕೊಟ್ಟರೆ, ಯಾರ ಬಳಿ ಬೇಕಾದರೂ ದುಡಿಯಬಹುದಾದ ಪರವಾನಗಿ ಸಿಗುತ್ತದೆ, ಮಾಲೀಕರ ಸಹಿ ಬೇಕಿಲ್ಲ. ಆದರೆ ಅರ್ಜಿ ಹಾಕುವ ಹೊತ್ತಿಗೆ ಹಳೆಯ ಪರವಾನಗಿ ಚಾಲ್ತಿಯಲ್ಲಿರಬೇಕು. ಸಹಿಸಿ ಸಹಿಸಿ, ಕಾಗದದ ಅವಧಿ ಮುಗಿದ ಮೇಲೆ ಮನೆ ಬಿಟ್ಟವಳಿಗೆ ಈ ಬಾಗಿಲು ಮುಚ್ಚಿದೆ.

ಕಳ್ಳಸಾಗಣೆಗೆ ತುತ್ತಾದವರ ವಿಷಯದಲ್ಲಿ ಎರಡು ಬಗೆಯ ಯೋಚನೆಗಳಿವೆ. ಐರೋಪ್ಯ ಒಕ್ಕೂಟದ 2004ರ ನಿರ್ದೇಶನ, ಕಳ್ಳಸಾಗಣೆದಾರರ ವಿರುದ್ಧ ತನಿಖೆಗೆ ಸಹಕರಿಸುವವರಿಗೆ ವಾಸದ ಪರವಾನಗಿ ಕೊಡುತ್ತದೆ. ಸಾಕ್ಷಿ ಹೇಳುವಷ್ಟು ಕಾಲ ನೆಲೆ, ಕೇಸು ಬಿದ್ದುಹೋದರೆ ನೆಲೆಯೂ ಹೋಗಬಹುದು. ಇಟಲಿಯ 1998ರ ವಲಸೆ ಕಾನೂನಿನ 18ನೇ ವಿಧಿ ಇದಕ್ಕಿಂತ ಉದಾರವಾದದ್ದು. ದೂರು ಕೊಟ್ಟೋ, ದೂರು ಕೊಡದೆ ಸಮಾಜಸೇವಾ ಸಂಸ್ಥೆಗಳ ಪುನರ್ವಸತಿ ಕಾರ್ಯಕ್ರಮಕ್ಕೆ ಸೇರಿಯೋ ಪರವಾನಗಿ ಪಡೆಯಬಹುದು. ಊರಿನಲ್ಲಿರುವ ತಂಗಿಯ ಮನೆಯ ವಿಳಾಸ ಕಳ್ಳಸಾಗಣೆದಾರರಿಗೆ ಗೊತ್ತಿರುವಾಗ ಪೊಲೀಸರ ಮುಂದೆ ಬಾಯಿ ಬಿಡು ಎನ್ನುವುದು ಎಷ್ಟು ಕ್ರೂರ ಎಂದು ಆ ವಿಧಿ ಬರೆದವರಿಗೆ ತಿಳಿದಿತ್ತು. ಯುರೋಪ್ ಮಂಡಳಿಯ 2005ರ ಒಡಂಬಡಿಕೆ ಕನಿಷ್ಠ ಮೂವತ್ತು ದಿನ ಚೇತರಿಸಿಕೊಂಡು ಯೋಚಿಸಲು ಬಿಡಬೇಕು, ಆ ಅವಧಿಯಲ್ಲಿ ಗಡೀಪಾರು ಮಾಡಬಾರದು ಎನ್ನುತ್ತದೆ. ವರ್ಷಗಟ್ಟಲೆ ಬೀಗದೊಳಗಿದ್ದವರಿಗೆ ಮೂವತ್ತು ದಿನ ಏನೇನೂ ಸಾಲದು.

ಅಮೆರಿಕ 2000ದಲ್ಲಿ ತಂದ ಟಿ ವೀಸಾ ಮತ್ತು ಯು ವೀಸಾಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಹಿಯ ತೂಕ ಗೊತ್ತಾಗುತ್ತದೆ. ಕಳ್ಳಸಾಗಣೆಗೆ ತುತ್ತಾದವರ ಟಿ ವೀಸಾಕ್ಕೆ ಪೊಲೀಸರ ಪ್ರಮಾಣಪತ್ರವಿದ್ದರೆ ಒಳ್ಳೆಯದು, ಕಡ್ಡಾಯವಲ್ಲ. ಇತರ ಗಂಭೀರ ಅಪರಾಧಗಳ ಬಲಿಪಶುಗಳಿಗಾಗಿರುವ ಯು ವೀಸಾಕ್ಕೆ ಅದು ಕಡ್ಡಾಯ, ಸಹಿಯಾದ ಆರು ತಿಂಗಳೊಳಗೆ ಅರ್ಜಿಯನ್ನೂ ಸಲ್ಲಿಸಬೇಕು. ಒಂದೇ ಬಗೆಯ ಹಲ್ಲೆಗೆ ಒಳಗಾದ ಇಬ್ಬರಲ್ಲಿ ಒಬ್ಬರ ಊರಿನ ಪೊಲೀಸ್ ಅಧಿಕಾರಿ ಸಹಿ ಹಾಕುತ್ತಾನೆ, ಇನ್ನೊಬ್ಬರ ಊರಿನವನು ಹಾಕುವುದಿಲ್ಲ. ಕೊಡಲೇಬೇಕೆಂದು ಕೇಂದ್ರ ಕಾನೂನು ಆತನನ್ನು ಒತ್ತಾಯಿಸುವುದಿಲ್ಲ. ಸಹಿ ಸಿಕ್ಕರೂ ವರ್ಷಕ್ಕೆ ಸಿಗುವ ಯು ವೀಸಾಗಳು ಹತ್ತು ಸಾವಿರ ಮಾತ್ರ, ಕಾಯುತ್ತಿರುವ ಅರ್ಜಿಗಳು ಲಕ್ಷಗಟ್ಟಲೆ. ಇದಕ್ಕೆ ಹೋಲಿಸಿದರೆ ಮಹಿಳೆಯರ ಮೇಲಿನ ಹಿಂಸೆ ತಡೆಗೆ 1994ರಲ್ಲಿ ಅದೇ ದೇಶ ಮಾಡಿದ ಕಾನೂನು ಹೆಚ್ಚು ವಿವೇಕದ್ದು. ಅಮೆರಿಕದ ಪ್ರಜೆಯಾದ ಅಥವಾ ಅಲ್ಲಿನ ಕಾಯಂ ನಿವಾಸಿಯಾದ ಗಂಡನ ಹೊಡೆತ ತಿನ್ನುತ್ತಿರುವ ಹೆಂಡತಿ, ಹೆಂಡತಿಯಿಂದ ಹಿಂಸೆಗೊಳಗಾದ ಗಂಡ ಕೂಡ, ಆತನ ಅಥವಾ ಆಕೆಯ ಸಹಿಯಿಲ್ಲದೆ, ಗೊತ್ತೂ ಆಗದಂತೆ ತಾವೇ ಅರ್ಜಿ ಸಲ್ಲಿಸಬಹುದು. ಅಧಿಕಾರಿಗಳು ಆ ವಿಷಯವನ್ನು ಹಿಂಸಿಸಿದವರಿಗೆ ತಿಳಿಸುವಂತಿಲ್ಲ, ನಂಬಲರ್ಹವಾದ ಯಾವುದೇ ಪುರಾವೆಯನ್ನು ಪರಿಗಣಿಸಬೇಕು. ಯುರೋಪಿನಲ್ಲಿ 2011ರ ಇಸ್ತಾಂಬುಲ್ ಒಡಂಬಡಿಕೆಯ 59ನೇ ವಿಧಿ, ಸಂಗಾತಿಯ ಮೇಲೆ ಅವಲಂಬಿತವಾದ ವಾಸದ ಹಕ್ಕಿರುವ ಬಲಿಪಶುಗಳಿಗೆ ಸ್ವತಂತ್ರ ಪರವಾನಗಿ ಕೊಡಬೇಕೆನ್ನುತ್ತದೆ. ಬ್ರಿಟನ್ 2022ರಲ್ಲಿ ಆ ಒಡಂಬಡಿಕೆಯನ್ನು ಅನುಮೋದಿಸುವಾಗ ಈ ವಿಧಿಗೇ ತಕರಾರು ಕಾಯ್ದಿರಿಸಿಕೊಂಡಿತು. ಹಿಂಸೆ ತಡೆಯುವ ಒಡಂಬಡಿಕೆಯನ್ನು ಒಪ್ಪಿ, ಮನೆ ಬಿಟ್ಟು ಹೊರಬರಲು ನೆರವಾಗುವ ವಿಧಿಯನ್ನು ಪಕ್ಕಕ್ಕಿಡುವುದು ನನಗಂತೂ ನೋವಿನ ವಿಷಯ.

ಇವೆಲ್ಲ ಇದ್ದೂ ಜನ ಏಕೆ ಮುಂದೆ ಬರುವುದಿಲ್ಲ ಎಂಬುದಕ್ಕೆ ಉತ್ತರ ಬೇರೊಂದು ಕಾನೂನಿನಲ್ಲಿ ಅಡಗಿರುತ್ತದೆ. ಜರ್ಮನಿಯ ವಾಸ ಕಾನೂನಿನ 87ನೇ ಕಲಮು, ದಾಖಲೆಯಿಲ್ಲದವರು ಕಂಡರೆ ವಿದೇಶಿಯರ ಕಚೇರಿಗೆ ತಿಳಿಸುವ ಕರ್ತವ್ಯವನ್ನು ಸರ್ಕಾರಿ ಕಚೇರಿಗಳ ಮೇಲೆ ಹೊರಿಸುತ್ತದೆ. ಶಾಲೆಗಳಿಗೆ 2011ರಲ್ಲಿ ವಿನಾಯಿತಿ ಸಿಕ್ಕಿತು. ಚಿಕಿತ್ಸೆಯ ವೆಚ್ಚಕ್ಕಾಗಿ ಸಮಾಜ ಕಲ್ಯಾಣ ಕಚೇರಿಗೆ ಹೋದವರ ಮಾಹಿತಿ ಮಾತ್ರ ತುರ್ತು ಸಂದರ್ಭ ಬಿಟ್ಟರೆ ಆಚೆ ಕಚೇರಿಗೆ ಹೋಗುವ ಭಯ ಉಳಿದಿದೆ. ಎದೆಯಲ್ಲಿ ಗಂಟು ಕಂಡ ಹೆಂಗಸು ಒಂದು ವರ್ಷ ಕಾಯುವುದು ಅಜ್ಞಾನದಿಂದಲ್ಲ, ಆ ಕಲಮಿನಿಂದ. ದಾಖಲೆಯಿಲ್ಲದ ಬಲಿಪಶು ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟು, ಬಂಧನದ ಭಯವಿಲ್ಲದೆ ಮರಳಿ ಹೋಗಬಹುದಾದ ಪದ್ಧತಿಯನ್ನು ನೆದರ್ಲೆಂಡ್ಸ್ ಮೊದಲು ಸ್ಥಳೀಯವಾಗಿ ಪ್ರಯೋಗಿಸಿ ಆಮೇಲೆ ದೇಶಕ್ಕೆಲ್ಲ ವಿಸ್ತರಿಸಿತು. ಅಮೆರಿಕದಲ್ಲಿ ಶಾಲೆ, ಆಸ್ಪತ್ರೆ, ಚರ್ಚುಗಳಲ್ಲಿ ವಲಸೆ ಬಂಧನಗಳನ್ನು ತಪ್ಪಿಸಬೇಕೆಂಬ ಮಾರ್ಗಸೂಚಿಯನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು. ಒಂದು ಇಲಾಖೆ ಕೈಹಿಡಿದು ಕರೆಯುತ್ತಿರುವಾಗ ಇನ್ನೊಂದು ಇಲಾಖೆ ಬಾಗಿಲಲ್ಲಿ ಕಾದು ನಿಂತರೆ, ಕರೆದದ್ದಕ್ಕೆ ಅರ್ಥವಿಲ್ಲ.

ಕೊನೆಯದು ಕಾಲದ ದಾರಿ. ಬಲಿಪಶುವೂ ಅಲ್ಲ, ನಿರಾಶ್ರಿತರೂ ಅಲ್ಲ, ಆದರೆ ಹತ್ತು ವರ್ಷದಿಂದ ಇಲ್ಲೇ ಬದುಕಿದ್ದಾರೆ ಎಂಬವರಿಗೆ ಇದೊಂದೇ ಆಸರೆ. ಐರೋಪ್ಯ ಒಕ್ಕೂಟದ 2008ರ ಮರಳಿಕಳುಹಿಸುವಿಕೆಯ ನಿರ್ದೇಶನದಲ್ಲೇ, ಸದಸ್ಯ ದೇಶ ಯಾವ ಹಂತದಲ್ಲಾದರೂ ಮಾನವೀಯ ಕಾರಣಕ್ಕೆ ವಾಸದ ಪರವಾನಗಿ ಕೊಡಬಹುದು ಎಂಬ ಮಾತಿದೆ. ಜರ್ಮನಿಯಲ್ಲಿ ‘ಡುಲ್ಡುಂಗ್’ ಎಂಬ ಕಾಗದವಿದೆ. ಅದು ವಾಸದ ಹಕ್ಕಲ್ಲ, ಗಡೀಪಾರನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂಬ ಟಿಪ್ಪಣಿ ಮಾತ್ರ. ಇದನ್ನೇ ನವೀಕರಿಸುತ್ತ ಸರಪಳಿಯಂತೆ ವರ್ಷಗಳನ್ನು ಕಳೆದವರಿಗಾಗಿ 2022ರ ಡಿಸೆಂಬರ್ 31ರಿಂದ 2025ರ ಕೊನೆಯವರೆಗೆ ಒಂದು ಅವಕಾಶ ತೆರೆದಿತ್ತು. 2022ರ ಅಕ್ಟೋಬರ್ 31ಕ್ಕೆ ಐದು ವರ್ಷ ಪೂರೈಸಿದ್ದವರಿಗೆ ಹದಿನೆಂಟು ತಿಂಗಳ ಪರವಾನಗಿ, ಅಷ್ಟರೊಳಗೆ ಭಾಷೆ, ಗುರುತು, ದುಡಿಮೆಗಳ ಷರತ್ತು ಪೂರೈಸಿದರೆ ಕಾಯಂ ನೆಲೆಯತ್ತ ದಾರಿ. ಮೊದಲು ನೆಲ ಕೊಟ್ಟು ಆಮೇಲೆ ಷರತ್ತು ಕೇಳುವ ಈ ಕ್ರಮ ಸರಿಯಾದದ್ದು, ಏಕೆಂದರೆ ಕಾಲೂರಲು ಜಾಗವಿಲ್ಲದವರು ಷರತ್ತು ಪೂರೈಸುವುದಾದರೂ ಹೇಗೆ? ಐರ್ಲೆಂಡ್ 2022ರಲ್ಲಿ ಆರು ತಿಂಗಳು ತೆರೆದಿಟ್ಟ ಯೋಜನೆಯಲ್ಲಿ ನಾಲ್ಕು ವರ್ಷದ ವಾಸ, ಮಕ್ಕಳಿದ್ದರೆ ಮೂರು ವರ್ಷ, ಕೇಳಿತ್ತು. ಕೆಲಸದ ಒಪ್ಪಂದ ಬೇಕಿರಲಿಲ್ಲ.

ಸ್ಪೇನ್ ಇದನ್ನು ವಿಶೇಷ ಸಂದರ್ಭವೆಂದು ಬಿಡದೆ ಕಾಯಂ ನಿಯಮವಾಗಿಸಿದೆ. ‘ಅರ್ರಾಯ್ಗೋ’ ಎಂದರೆ ಬೇರೂರುವಿಕೆ. ಮೂರು ವರ್ಷ ಇದ್ದ ವಾಸದ ಷರತ್ತನ್ನು 2025ರ ಮೇ 20ರಿಂದ ಜಾರಿಗೆ ಬಂದ ನಿಯಮಾವಳಿ ಎರಡಕ್ಕೆ ಇಳಿಸಿತು, ಹಿಂದೆ ಪರವಾನಗಿ ಇದ್ದು ನವೀಕರಿಸಲಾಗದೆ ಕಳೆದುಕೊಂಡವರಿಗಾಗಿ ‘ಎರಡನೇ ಅವಕಾಶ’ ಎಂಬ ಹೊಸ ವರ್ಗವನ್ನೂ ಸೇರಿಸಿತು. ಲೇಖನದ ಮೊದಲಲ್ಲಿ ಹೇಳಿದ, ದಾಖಲೆ ಇದ್ದು ಕಳೆದುಕೊಂಡವರನ್ನು ಹೆಸರಿಟ್ಟು ಗುರುತಿಸಿದ ಅಪರೂಪದ ನಿಯಮವಿದು. ಆದರೆ ಅದೇ ನಿಯಮಾವಳಿ ಆಶ್ರಯದ ಅರ್ಜಿಗೆ ಉತ್ತರ ಕಾಯುತ್ತ ಕಳೆದ ಕಾಲವನ್ನು ಈ ಎರಡು ವರ್ಷದ ಲೆಕ್ಕದಿಂದ ಹೊರಗಿಡುತ್ತದೆ. ಕಾನೂನನ್ನು ನಂಬಿ ಅರ್ಜಿ ಹಾಕಿ ಸಾಲಿನಲ್ಲಿ ನಿಂತವರು, ಅರ್ಜಿಯನ್ನೇ ಹಾಕದೆ ಮರೆಯಲ್ಲಿ ಇದ್ದವರಿಗಿಂತ ಹಿಂದೆ ಬೀಳುತ್ತಾರೆ. ಇದನ್ನು ತಿದ್ದಲೇಬೇಕು.

ಇಂಥ ಅರ್ಜಿ ತಯಾರಾಗುವುದನ್ನು ಹತ್ತಿರದಿಂದ ನೋಡಿದರೆ, ಒಂದು ಪ್ಲಾಸ್ಟಿಕ್ ಚೀಲ ಮೇಜಿನ ಮೇಲೆ ಬರಿದಾಗುತ್ತದೆ. ಊರಿಗೆ ಹಣ ಕಳಿಸಿದ ರಸೀದಿಗಳು, ಆರೋಗ್ಯ ಕೇಂದ್ರದ ಚೀಟಿ, ಬಸ್ ಪಾಸು, ಮಗುವಿನ ಲಸಿಕೆ ಕಾರ್ಡು, ದಾಖಲೆಯಿಲ್ಲದವರಿಗೂ ತೆರೆದಿರುವ ಪುರಸಭೆಯ ನಿವಾಸಿ ನೋಂದಣಿ. ವಕೀಲೆ ಅವನ್ನು ತಾರೀಕಿನ ಪ್ರಕಾರ ಸಾಲಾಗಿ ಜೋಡಿಸುತ್ತಾಳೆ. ಜೋಡಿಸಿದ ಮೇಲೆ ನಡುವೆ ಎಲ್ಲೋ ಹತ್ತು ಹನ್ನೊಂದು ತಿಂಗಳ ಖಾಲಿ ಜಾಗ ಕಾಣುತ್ತದೆ. ಕೇಳಿದರೆ, ಆ ತಿಂಗಳುಗಳಲ್ಲಿ ಮುದುಕಿಯೊಬ್ಬಳನ್ನು ಹಗಲಿರುಳು ನೋಡಿಕೊಳ್ಳುತ್ತ ಆ ಮನೆಯಲ್ಲೇ ಇದ್ದೆ, ಹೊರಗೇ ಬರುತ್ತಿರಲಿಲ್ಲ ಎನ್ನುತ್ತಾಳೆ ಆಕೆ. ಅತಿ ಹೆಚ್ಚು ದುಡಿದ ಕಾಲವೇ ಕಾಗದದಲ್ಲಿ ಖಾಲಿ. ಅದನ್ನು ತುಂಬಲು ಉಳಿದಿರುವುದು ಆ ಮನೆಯವರ ಪತ್ರ, ಅಂದರೆ ಮತ್ತೆ ಮಾಲೀಕರ ಸಹಿ. 2005ರಲ್ಲಿ ಸ್ಪೇನ್ 5 ಲಕ್ಷ 70 ಸಾವಿರದಷ್ಟು ಜನರನ್ನು ಸಕ್ರಮಗೊಳಿಸಿದಾಗಲೂ ಬಹುತೇಕ ಅರ್ಜಿಗಳನ್ನು ಸಲ್ಲಿಸಬೇಕಿದ್ದವರು ಮಾಲೀಕರೇ. ನೆರೆಯವರ ಪ್ರಮಾಣಪತ್ರ, ಚರ್ಚಿನ ಅಥವಾ ಭಾಷಾ ತರಗತಿಯ ಹಾಜರಿ, ಫೋನ್ ಕಂಪನಿಯ ರೀಚಾರ್ಜ್ ವಿವರಗಳಿಗೂ ಅಷ್ಟೇ ಬೆಲೆ ಕೊಡುವ ನಿಯಮ ಮಾಡಲು ಯಾವ ದೊಡ್ಡ ಖರ್ಚೂ ಇಲ್ಲ.

ಕಾಲದ ದಾರಿಯನ್ನು ಒಮ್ಮೆ ತೆರೆದು ಮರೆತುಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1986ರ ಕಾನೂನಿನಿಂದ ಅಮೆರಿಕದಲ್ಲಿ ಸುಮಾರು 27 ಲಕ್ಷ ಜನ ಸಕ್ರಮಗೊಂಡರು. ಅವರಲ್ಲಿ ಹೆಚ್ಚಿನವರು 1982ಕ್ಕಿಂತ ಮೊದಲು ಬಂದವರೆಂದು ತೋರಿಸಬೇಕಿತ್ತು. ಅದಲ್ಲದೆ 1929ರಿಂದಲೂ ಅಲ್ಲಿ ‘ರಿಜಿಸ್ಟ್ರಿ’ ಎಂಬ ಸರಳ ವಿಧಿಯೊಂದಿದೆ. ನಿಗದಿತ ದಿನಾಂಕಕ್ಕೆ ಮುಂಚೆ ಬಂದು, ಅಂದಿನಿಂದ ಅಲ್ಲೇ ವಾಸವಿದ್ದು, ಸನ್ನಡತೆಯಿಂದ ಬದುಕಿದವರು ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಮಾಲೀಕರೂ ಬೇಡ, ಗಂಡನೂ ಬೇಡ, ಪೊಲೀಸರ ಪತ್ರವೂ ಬೇಡ. ಸಂಸತ್ತು ಆ ದಿನಾಂಕವನ್ನು ಆಗಾಗ ಮುಂದಕ್ಕೆ ತರುತ್ತಿತ್ತು. ಕೊನೆಯ ಬಾರಿ ತಂದದ್ದು ಅದೇ 1986ರಲ್ಲಿ, 1972ರ ಜನವರಿ 1ಕ್ಕೆ. ಏಳು ವರ್ಷ ವಾಸವಿದ್ದವರಿಗೆಲ್ಲ ಅನ್ವಯಿಸುವಂತೆ ಅದನ್ನು ಬದಲಿಸುವ ಮಸೂದೆಗಳು ಇತ್ತೀಚೆಗೂ ಮಂಡನೆಯಾಗಿವೆ, ಯಾವುದೂ ಅಂಗೀಕಾರವಾಗಿಲ್ಲ. ಇಂದು ಆ ವಿಧಿಯಡಿ ಅರ್ಜಿ ಹಾಕಬೇಕೆನ್ನುವವರು ಅರ್ಧ ಶತಮಾನಕ್ಕೂ ಹಿಂದಿನ ರಸೀದಿಯನ್ನು ಹುಡುಕಬೇಕು.